ಖೋರಿ ಅಂದರೆ ಫೌಲ್

ನಾನು ಶಿಕ್ಷಕಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಎಲ್ಲರೂ ನನ್ನನ್ನು ಶಿಕ್ಷಕಿ ಎಂದೇ ತಿಳಿದಿದ್ದಾರೆ. ಹುಡುಗರು ಶಾಲೆಯ ಟೀಚರನ್ನು ಕರೆದಂತೆ 'ಅಕ್ಕಾರ' ಎಂದು ಕರೆಯುತ್ತಾರೆ, ನಾನೂ ನಾಚಿಕೆಯಿಲ್ಲದೆ ಕರೆಸಿಕೊಳ್ಳುತ್ತೇನೆ. ನಾನಿದ್ದದ್ದು ಒಂದು ಛಾಪಖಾನೆಯಲ್ಲಿ. ಮೂವತ್ತು ವರ್ಷ ಅಲ್ಲಿ ಕೂತು ಕರಡು ತಿದ್ದಿದೆ. ನಮ್ಮಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಹೈಸ್ಕೂಲಿನ ಗೈಡುಗಳು. ಹೀಗಾಗಿ ಎಂಟು, ಒಂಬತ್ತು, ಹತ್ತನೆಯ ತರಗತಿಯ ಆರೂ ವಿಷಯಗಳನ್ನು ನಾನು ಅಕ್ಷರಕ್ಕೊಂದು ಬೆರಳಿಟ್ಟು, ವರ್ಷಕ್ಕೆ ಎರಡು ಸಲದಂತೆ ಓದಿದ್ದೇನೆ. ಹನ್ನೊಂದನೆಯದರಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ನಾನು ಹೆಬ್ಬೆಟ್ಟು.

ಕರಡು ತಿದ್ದುವವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವರ ತಪ್ಪು ಮಾತ್ರ ಇರುತ್ತದೆ. ಒಂದು ವರ್ಷ ವಿಜ್ಞಾನದ ಗೈಡಿನಲ್ಲಿ 'ಮನುಷ್ಯನ ಹೃದಯದಲ್ಲಿ ನಾಲ್ಕು ಕೋಣಗಳಿವೆ' ಎಂದು ಅಚ್ಚಾಗಿ ಹೋಯಿತು. ಕೋಣೆಗಳು ಕೋಣಗಳಾಗಿದ್ದವು. ಒಂದೇ ಒಂದು ಏತ್ವ ನನ್ನ ಕಣ್ಣು ತಪ್ಪಿಸಿತ್ತು. ಮಾಲೀಕರು ನನ್ನನ್ನು ಕರೆದು ಪುಟ ತೋರಿಸಿ, ಏನೂ ಬೈಯದೆ, "ನಾಕೂ ಕ್ವಾಣಕ್ಕ ಮೇವು ಯಾರು ಹಾಕಾವ್ರು?" ಎಂದಷ್ಟೇ ಕೇಳಿದ್ದರು. ಅವತ್ತು ನಾನು ಊಟ ಮಾಡಲಿಲ್ಲ.

ನಿವೃತ್ತಿಯಾದ ವರ್ಷ ಪಕ್ಕದ ಮನೆಯವರು ತಮ್ಮ ಮೊಮ್ಮಗಳನ್ನು ಕಳಿಸಿದರು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ, ಸ್ವಲ್ಪ ಕೂರಿಸಿಕೊಂಡು ಓದಿಸಿ ಎಂದರು. ಮಾರನೆಯ ದಿನ ಅವಳ ಗೆಳತಿ ಬಂದಳು, ಗೆಳತಿಯ ಹಿಂದೆ ಅವಳ ತಮ್ಮ ಬಂದ. ಅಲ್ಲಿಂದ ಪ್ರತಿ ವರ್ಷ ಗಣಪತಿ ಕಳಿಸಿದ ಮೇಲೆ ನಮ್ಮ ಪಡಸಾಲೆಯಲ್ಲಿ ಚಾಪೆ ಬೀಳುತ್ತದೆ. ಪರೀಕ್ಷೆ ಅಂದರೆ ಉಳಿದವರಿಗೆ ಶಿಕ್ಷೆ, ನನಗೆ ಹಬ್ಬ! ಸಂಜೆ ಐದು ಹೊಡೆಯುವ ಮೊದಲೇ ಅವಲಕ್ಕಿಗೆ ಒಗ್ಗರಣೆ ಕೊಟ್ಟು, ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದಿಟ್ಟು, ಬಾಗಿಲ ಕಡೆ ನೋಡುತ್ತಾ ಕೂತಿರುತ್ತೇನೆ. ಒಂದು ಗಂಟೆಯಲ್ಲಿ ಹೃದಯ, ಸಹಾಯಕ ಸೈನ್ಯ ಪದ್ಧತಿ, ಸಮಾಂತರ ಶ್ರೇಢಿ, ಹಿಂದಿಯ ಕಾರಕ ಎಲ್ಲವನ್ನೂ ಸುತ್ತಿ ಬರುವ ಸುಖ ಯಾವ ತೀರ್ಥಯಾತ್ರೆಯಲ್ಲೂ ಇಲ್ಲ.

ಹೋದ ವರ್ಷ ಆರು ಜನ ಬಂದಿದ್ದರು, ಎಲ್ಲರೂ ಹತ್ತನೆಯವರು. ಅವರಲ್ಲಿ ಒಬ್ಬ ಹತ್ತಿ ವ್ಯಾಪಾರಸ್ಥರ ಮಗ. ಹಣೆಗೆ ವಿಭೂತಿ, ಬಾಯಿಗೆ ಬಿಡುವಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವನು, ಅರ್ಧ ಸಲ ಬೇರೆ ಪ್ರಶ್ನೆಯ ಉತ್ತರ. ಇನ್ನೊಬ್ಬಳು ಲಕಮನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕರ ಮಗಳು. ನಮ್ಮ ಹಿಂದಿನ ಓಣಿಯವಳು, ಕಡ್ಡಿಯಂತಿದ್ದಳು, ಕೂತಲ್ಲಿ ಕೂರುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಅವಳ ಕಥೆ.

ಮೊದಲ ದಿನವೇ ಅವಳು ಚಪ್ಪಲಿ ಬಿಡುವ ಮೊದಲು ಹೇಳಿಬಿಟ್ಟಳು. "ಅಕ್ಕಾರ, ನನಗ ಆರಕ್ಕ ಆರೂ ಪಾಸ್ ಆಗಬೇಕ್ರಿ. ಒಂದರಾಗ ಹೋದ್ರೂ ಹೆಡ್ ಸರ್ ಟೀಮಿನ್ಯಾಗಿಂದ ಹೆಸರು ತಗೀತಾರ್ರಿ."

ಟೀಮು ಅಂದರೆ ಶಾಲೆಯ ಹುಡುಗಿಯರ ಖೋ ಖೋ ತಂಡ. ಜಿಲ್ಲೆಯಲ್ಲಿ ಗೆದ್ದಿದ್ದರು. ದಸರಾ ರಜೆ ಮುಗಿದ ಮೇಲೆ ಬೆಳಗಾವಿಯಲ್ಲಿ ವಿಭಾಗ ಮಟ್ಟದ ಪಂದ್ಯವಿತ್ತು. ಹತ್ತನೆಯವರನ್ನು ಆಟಕ್ಕೆ ಕಳಿಸುವುದೇ ಹೆಚ್ಚು ಎನ್ನುವುದು ಮುಖ್ಯೋಪಾಧ್ಯಾಯರ ಮಾತು. ಕೊನೆಗೆ ಈ ಕರಾರಿನ ಮೇಲೆ ಒಪ್ಪಿದ್ದರು. ಮೊದಲ ಕಿರುಪರೀಕ್ಷೆಯಲ್ಲಿ ಅವಳು ಮೂರು ವಿಷಯಗಳಲ್ಲಿ ಫೇಲಾಗಿದ್ದಳು. ಬೆಳಗಾವಿಯೇ ಕೊನೆಯ ಅವಕಾಶ, ಮುಂದಿನ ವರ್ಷ ಅವಳು ಈ ಶಾಲೆಯಲ್ಲೇ ಇರುವುದಿಲ್ಲ.

"ಮೂರರಾಗ ಯಾಕ ಹೋತು?" ಎಂದೆ.

"ಗೊತ್ತಿಲ್ರಿ. ಎಲ್ಲಾ ಬರದೇನ್ರಿ."

ಪರೀಕ್ಷಿಸಿ ನೋಡೋಣವೆಂದು ಬಾಯಲ್ಲಿ ಕೇಳಿದೆ. ಆಹಾ! ಹುಡುಗಿ ಹೇಳಿದ್ದೇ ಹೇಳಿದ್ದು. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ತಾನೇ ಹಿಂದೆ ಓಡಿ ನೋಡಿ ಬಂದವಳಂತೆ ಹೇಳಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡನೆಯ ಸಲ ಅವಲಕ್ಕಿ ಬಡಿಸಿದೆ. ಇವಳನ್ನು ಪಾಸು ಮಾಡಿಸುವುದೇನು, ಮೊದಲ ಸಾಲಿನಲ್ಲಿ ನಿಲ್ಲಿಸುತ್ತೇನೆ ಎಂದು ಮನಸ್ಸಿನಲ್ಲೇ ಜಂಬ ಕೊಚ್ಚಿಕೊಂಡೆ.

ಮೂರನೆಯ ದಿನ ಆರೂ ಜನರಿಗೆ ವಿಜ್ಞಾನದ ಒಂದು ಹಾಳೆ ಬರೆಯಲು ಕೊಟ್ಟೆ. ಅವಳ ಹಾಳೆ ಕೈಗೆ ಬಂದಾಗ ನನಗೆ ಗುಟ್ಟು ತಿಳಿಯಿತು. ಹೀಗೆ ಬರೆದಿದ್ದಳು: 'ಹೃದಯಕ್ಕ ನಾಲ್ಕು ಕೋಣೆ ಇರ್ತಾವ್ರಿ. ಮ್ಯಾಲ ಎರಡ್ರಿ, ಕೆಳಗ ಎರಡ್ರಿ. ಬಲಗಡೆ ಕೆಟ್ಟ ರಕ್ತ ಬರತೈತ್ರಿ. ಎಡಗಡೆ ಛಲೋ ರಕ್ತ ಬರತೈತ್ರಿ.' ಹಾಳೆಯ ಈ ತುದಿಯಿಂದ ಆ ತುದಿಯವರೆಗೂ ಅದೇ. ಪ್ರತಿ ವಾಕ್ಯದ ಬಾಲಕ್ಕೂ ಒಂದು 'ರಿ'.

ಆಡುಮಾತಿನಲ್ಲಿ ಬರೆಯುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. 'ಮನ್ಯಾಗ' ಎಂದು ಬರೆದು ಅಂಕ ಕಳೆದುಕೊಳ್ಳುವವರು ನಮ್ಮ ಕಡೆ ಮನೆಗೊಬ್ಬರು. ಆದರೆ ಉತ್ತರಪತ್ರಿಕೆಗೆ ಬಹುವಚನ ಕೊಟ್ಟು ಮಾತಾಡಿಸುವವರನ್ನು ಕಂಡಿರಲಿಲ್ಲ. ಮೂವತ್ತು ವರ್ಷದ ಚಟ, ಕೈ ಸುಮ್ಮನಿರಲಿಲ್ಲ. ಕೆಂಪು ಪೆನ್ನಿನಿಂದ ಒಂದೊಂದು ರಿಗೂ ಒಂದೊಂದು ಸೊನ್ನೆ ಸುತ್ತಿದೆ. ಎಣಿಸಿದೆ. ಮೂವತ್ತೊಂದು! ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಬಾಯಿಗೆ ಬೀಗವಿಲ್ಲ. ಎಲ್ಲರಿಗೂ ಕೇಳುವಂತೆ ಆ ಹಾಳೆಯನ್ನು ನಾಟಕದ ಧಾಟಿಯಲ್ಲಿ ಓದಿದೆ. ವ್ಯಾಪಾರಸ್ಥರ ಮಗ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟು, "ನಮಸ್ಕಾರ್ರಿ ಹೃದಯ ಅವರ, ಆರಾಮ ಅದೀರಿಲ್ರಿ?" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಕಣ್ಣೀರು ಬರುವಷ್ಟು ನಕ್ಕೆ. ಅವಳೂ ನಕ್ಕಳು ಎಂದುಕೊಂಡೆ.

ಮಾರನೆಯ ಸಂಜೆ ಸಮಾಜ ವಿಜ್ಞಾನದ ಹಾಳೆ ಕೊಟ್ಟೆ. ಅರ್ಧ ಗಂಟೆಯ ಮೇಲೆ ಅವಳು ತಂದುಕೊಟ್ಟ ಹಾಳೆಯಲ್ಲಿ ಹೆಸರು ಮತ್ತು ನಂಬರು ಇತ್ತು. ಕೆಳಗೆ ಏನೂ ಇರಲಿಲ್ಲ.

"ಯಾಕವಾ? ನಿನ್ನೆ ಬಾಯಿಪಾಠ ಒಪ್ಪಿಸಿದಿಯಲ್ಲ?"

"ಬರಂಗಿಲ್ರಿ."

"ಬಾಯಾಗ ಹೇಳು ನೋಡೂಣು."

ತಲೆ ಅಲ್ಲಾಡಿಸಿದಳು. ನಿನ್ನೆಯವರೆಗೆ ನಿಲ್ಲದೆ ಹರಿಯುತ್ತಿದ್ದ ಹುಡುಗಿ ಈಗ ಬಾಯಿ ಬಿಡಲೂ ಒಲ್ಲಳು. ಎಲ್ಲರೂ ಎದ್ದು ಹೋಗುವವರೆಗೂ ಕಾದು ಅವಳೊಬ್ಬಳನ್ನೇ ನಿಲ್ಲಿಸಿಕೊಂಡೆ. ಚಾಪೆಯ ಎಳೆ ಕೀಳುತ್ತಾ ಹೇಳಿದಳು. "ಪೇಪರ್ ನೋಡಾವ್ರು ದೊಡ್ಡಾವ್ರಲ್ರಿ. ಅವರಿಗೆ 'ಇರತೈತಿ, ಬರತೈತಿ' ಅಂತ ಹೆಂಗ ಬರೀಲ್ರಿ? ನಮ್ಮ ದಾದಿ, ಅಪ್ಪನ ಅವ್ವ, ಹೇಳ್ಯಾರ್ರಿ, ಮನ್ಯಾಗ ಉರ್ದೂದಾಗ 'ಜೀ' ಮರೀಬಾರ್ದು, ಹೊರಗ 'ರಿ' ಮರೀಬಾರ್ದು ಅಂತ. ಈಗ ರಿ ಬರದ್ರ ನಗ್ತಾರ್ರಿ, ಬರೀದಿದ್ರ ಸೊಕ್ಕಿನಾಕಿ ಅಂತಾರ್ರಿ. ಅದಕ್ಕ ಏನೂ ಬರೀಲಿಲ್ರಿ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಮರುದಿನ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ನಾನೇ ಎಷ್ಟು ಗೈಡುಗಳ ಗಾದೆ ವಿಸ್ತರಣೆಯಲ್ಲಿ ತಿದ್ದಿಲ್ಲ! ನನ್ನ ಮೇಲೆ ನನಗೇ ಸಿಟ್ಟು ಉಕ್ಕಿತು. ಕಲಿಸಿದ ಮರ್ಯಾದೆಯನ್ನು ಹಾಳೆಯ ಮೇಲೂ ಬಿಡದ ಮಗುವಿಗೆ ಮೂವತ್ತೊಂದು ಸೊನ್ನೆ ಸುತ್ತಿದ್ದೆ. ಪರೀಕ್ಷೆಗೆ ಇನ್ನು ಆರು ದಿನ. ಹುಡುಗಿ ಹೀಗೆಯೇ ಖಾಲಿ ಹಾಳೆ ಕೊಟ್ಟು ಬಂದರೆ ಬೆಳಗಾವಿ ಹೋಯಿತು, ಅದನ್ನು ಕಳೆದವಳು ನಾನೇ.

ಅದರ ಮಾರನೆಯ ದಿನ ನಾಲ್ಕು ಗಂಟೆಗೆ ಸೀರೆ ಬದಲಿಸಿ ಅವರ ಶಾಲೆಯ ಮೈದಾನಕ್ಕೆ ಹೋದೆ. ತಪ್ಪಾಯಿತು ಎಂದು ಹೇಳುವುದು, ಕೋಣಗಳ ಕಥೆ ಹೇಳುವುದು, ಕೈ ಹಿಡಿದು ಕರೆತರುವುದು. ಇಷ್ಟು ಲೆಕ್ಕ ಹಾಕಿಕೊಂಡಿದ್ದೆ.

ಜಿಟಿಜಿಟಿ ಮಳೆ ಬಂದು ನಿಂತಿತ್ತು, ಕೆಮ್ಮಣ್ಣು ಹಸಿಯಾಗಿತ್ತು. ಖೋ ಖೋ ಅಭ್ಯಾಸ ನಡೆದಿತ್ತು. ಎಂಟು ಜನ ಸಾಲಾಗಿ ಕೂತಿದ್ದರು, ಒಬ್ಬರ ಮುಖ ಈ ಕಡೆ, ಮುಂದಿನವರ ಮುಖ ಆ ಕಡೆ. ಒಬ್ಬಳಿಗೆ ಜ್ವರವಂತೆ. ಅವಳ ಜಾಗದಲ್ಲಿ ಸ್ವತಃ ಪಿ.ಟಿ. ಟೀಚರ್ ಕೂತಿದ್ದರು. ನಿವೃತ್ತಿಯ ಹತ್ತಿರಕ್ಕೆ ಬಂದ ದೊಡ್ಡ ದೇಹದ ಹೆಂಗಸು. ಅವರ ಸೀಟಿಯ ಸದ್ದಿಗೆ ರಸ್ತೆಯಲ್ಲಿ ಹೋಗುವ ಆಟೋದವರೂ ಬ್ರೇಕ್ ಹಾಕುತ್ತಾರೆ. ಅವರೆದುರು ಶಾಲೆಯ ಸರ್‌ಗಳೇ ತಗ್ಗಿ ಮಾತಾಡುತ್ತಾರೆ.

ನಮ್ಮ ಹುಡುಗಿ ಬೆನ್ನಟ್ಟುತ್ತಿದ್ದಳು. ಅಬ್ಬಾ, ಏನು ಓಟ! ಕಂಬ ಸುತ್ತಿ ಬಾಗಿ ಬಂದಳು, ಕೈಚಾಚಿದಳು, ಎದುರಾಳಿ ಒಂದು ಗೇಣಿನಲ್ಲಿ ತಪ್ಪಿಸಿಕೊಂಡು ಸಾಲಿನ ಆ ಕಡೆಗೆ ಹಾರಿದಳು. ನಾನು ಬೇಲಿಯ ಹೊರಗೆ ನಿಂತು "ಹಿಡೀ! ಹಿಡೀ!" ಎಂದು ಕೂಗಿಯೇಬಿಟ್ಟೆ. ಅಷ್ಟರಲ್ಲಿ ಅವಳು ಪಿ.ಟಿ. ಟೀಚರ ಹಿಂದೆ ಬಂದು ಅವರ ಬೆನ್ನಿಗೆ ಫಟ್ಟನೆ ಕೈ ಬಡಿದು, ಮೈದಾನವೆಲ್ಲಾ ಕೇಳುವಂತೆ, "ಖೋ!" ಎಂದಳು.

ಟೀಚರ್ ಆ ದೇಹ ಹೊತ್ತು ಎದ್ದು ಓಡಿಯೇ ಓಡಿದರು.

ನನ್ನ ತಲೆಯಲ್ಲಿ ದೀಪ ಹತ್ತಿತು. ಆಟ ನಿಲ್ಲುವವರೆಗೂ ಕಾಯಲಾಗಲಿಲ್ಲ. ಅವಳು ನೀರು ಕುಡಿಯಲು ನಲ್ಲಿಯ ಹತ್ತಿರ ಬಂದದ್ದೇ ಬೇಲಿಯ ಮೇಲಿಂದ ಬಾಗಿ ಕೇಳಿದೆ.

"ಏನವಾ, ನಿಮ್ಮ ಟೀಚರ್ ದೊಡ್ಡಾವ್ರಲ್ಲೇನು?"

ಅವಳು ಗಾಬರಿಯಾಗಿ ಬಾಯಿ ಒರೆಸಿಕೊಂಡಳು. "ಹೌದ್ರಿ."

"ಮತ್ತ ಅವರ ಬೆನ್ನಿಗೆ ಹೊಡದು 'ಖೋ' ಅಂದಿ. 'ಖೋರಿ' ಯಾಕ ಅನ್ಲಿಲ್ಲ?"

ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಮುದುಕಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. ಆಮೇಲೆ ನಗು ತಡೆಯಲಾಗದೆ, "ಖೋರಿ ಅಂದ್ರ ಫೌಲ್ ಅಕ್ಕೈತ್ರಿ ಅಕ್ಕಾರ! ಖೋ ಅಂತನ ಅನಬೇಕ್ರಿ. ಅದು ಆಟದ ಮಾತ್ರಿ, ಅದಕ್ಕ ಯಾರೂ ಸಿಟ್ಟಾಗಂಗಿಲ್ರಿ" ಎಂದಳು.

"ಪೇಪರಿನ ಮಾತೂ ಹಂಗವಾ! ಅದೂ ಒಂದು ಆಟ. 'ಹೃದಯಕ್ಕೆ ನಾಲ್ಕು ಕೋಣೆಗಳಿವೆ' ಅನ್ನೂದು ಖೋ ಅಂದಂಗ. 'ಇರ್ತಾವ್ರಿ' ಅಂದ್ರ ಫೌಲ್. ಅಲ್ಲಿ ದೊಡ್ಡಾವ್ರಿಲ್ಲ, ಸಣ್ಣಾವ್ರಿಲ್ಲ. ಸೊಕ್ಕಿನಾಕಿ ಅಂತ ಯಾರೂ ಅನ್ನಂಗಿಲ್ಲ. ನಿಮ್ಮ ದಾದೀನೂ ಅನ್ನಂಗಿಲ್ಲ."

ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. "ಇವೆ... ಬರುತ್ತದೆ... ಹೋಗುತ್ತದೆ," ಎಂದು ತನ್ನಷ್ಟಕ್ಕೆ ಹೇಳಿ ನೋಡಿಕೊಳ್ಳುತ್ತಿದ್ದಳು. ನಾನು ಅಲ್ಲೇ ನಿಂತು ನನ್ನ ನಾಲ್ಕು ಕೋಣಗಳ ಕಥೆಯನ್ನೂ ಹೇಳಿದೆ, ಹಾಳೆ ಓದಿ ನಗಿಸಿದ್ದು ನನ್ನ ತಪ್ಪು ಎಂದೂ ಹೇಳಿದೆ. ಕೋಣಗಳಿಗೆ ಅವಳು ಎಷ್ಟು ನಕ್ಕಳೆಂದರೆ ನಲ್ಲಿ ಬಂದ್ ಮಾಡುವುದನ್ನೂ ಮರೆತಳು. ಪಿ.ಟಿ. ಟೀಚರ್ ದೂರದಿಂದಲೇ ಸೀಟಿ ಊದಿ ಇಬ್ಬರನ್ನೂ ಬೈದರು.

ಅವತ್ತು ಸಂಜೆಯಿಂದ ನಮ್ಮ ಪಡಸಾಲೆಯ ಚಾಪೆ ಮಾಳಿಗೆಗೆ, ಅಂದರೆ ತಾರಸಿಗೆ, ಹತ್ತಿತು. ಆರು ಜನರಲ್ಲಿ ಐವರನ್ನು ಸಾಲಾಗಿ ಕೂರಿಸಿದೆ, ಒಂದು ಮುಖ ಮೂಡಣಕ್ಕೆ, ಒಂದು ಮುಖ ಪಡುವಣಕ್ಕೆ. ಆರನೆಯವರು ಸುತ್ತ ಓಡಬೇಕು. ನಾನು ವಿಷಯ ಕೂಗುತ್ತೇನೆ. ಓಡುವವರು ಒಂದೇ ಒಂದು ವಾಕ್ಯ ಹೇಳಿ ಒಬ್ಬರ ಬೆನ್ನಿಗೆ ಖೋ ಕೊಡಬೇಕು. ಎದ್ದವರು ಮುಂದಿನ ವಾಕ್ಯ ಹೇಳಬೇಕು. ಪುಸ್ತಕದ ವಾಕ್ಯವೇ ಆಗಬೇಕು, ರಿ ಬಂದರೆ ಫೌಲ್.

"ಸಹಾಯಕ ಸೈನ್ಯ ಪದ್ಧತಿ!"

"ಒಪ್ಪಿಕೊಂಡ ರಾಜನು ಬ್ರಿಟಿಷ್ ಸೈನ್ಯವನ್ನು ಇಟ್ಟುಕೊಳ್ಳಬೇಕಿತ್ತು. ಖೋ!"

"ಸೈನ್ಯದ ಖರ್ಚನ್ನು ಅವನೇ ಕೊಡಬೇಕಿತ್ತು. ಖೋ!"

"ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟನನ್ನು ಇಟ್ಟುಕೊಳ್ಳಬೇಕಿತ್ತು. ಖೋ!"

"ಸಮಾಂತರ ಶ್ರೇಢಿ! ಎರಡು, ಐದು, ಎಂಟು!"

ವ್ಯಾಪಾರಸ್ಥರ ಮಗ ಹಾರಿ ಎದ್ದ. ವೇಗದಲ್ಲಿ ಅವನ ಬಾಯಿಂದ ಬಂದದ್ದು, "ಸಾಮಾನ್ಯ ವ್ಯತ್ಯಾಸ ಮೂರ್ರಿ!"

"ಫೌಲ್! ಫೌಲ್!" ಎಂದು ಐದೂ ಜನ ಒಟ್ಟಿಗೆ ಚೀರಿದರು. ಎಲ್ಲರಿಗಿಂತ ಗಟ್ಟಿಯಾಗಿ ಚೀರಿದವಳು ಅವಳೇ. ಹುಡುಗ ತಲೆ ಕೆರೆದುಕೊಂಡ. "ನನ್ನ ಬಾಯಾಗೂ ಐತೇನ ಇದು?" ಎಂದ. ಎಲ್ಲರ ಬಾಯಲ್ಲೂ ಇತ್ತು. ಆ ಸಂಜೆ ಒಬ್ಬರೂ ಫೌಲಿನಿಂದ ಉಳಿಯಲಿಲ್ಲ. ರೆಫ್ರಿ ನಾನೇ ಎರಡು ಸಲ ಸಿಕ್ಕಿಬಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದವರು ಹೊರಗೆ ಬಂದು ಮೇಲೆ ನೋಡಿ, "ಅಕ್ಕಾರ, ಮಾಳಿಗಿ ಬೀಳಸ್ತೀರೇನ್ರಿ?" ಎಂದು ಕೂಗಿದರು. ಇನ್ನು ಐದು ದಿನ ತಡಕೊಳ್ಳಿರೆಂದೆ. ಐದು ದಿನವೂ ಮಳೆ ಬಿಟ್ಟ ಹೊತ್ತು ನೋಡಿ ಆಟ, ಆಟ ಮುಗಿದ ಮೇಲೆ ಕೆಳಗಿಳಿದು ಬರವಣಿಗೆ. ಅವಳ ಹಾಳೆಯಲ್ಲಿ ರಿಗಳು ಮೊದಲ ದಿನ ಒಂಬತ್ತಾದವು, ಆಮೇಲೆ ನಾಲ್ಕು, ಆಮೇಲೆ ಎರಡು. ಈ ಸಲ ನಾನು ಸೊನ್ನೆ ಸುತ್ತಲಿಲ್ಲ. ಅವಳೇ ಓದಿ, ಅವಳೇ ಹುಡುಕಿ, "ಇಲ್ಲೊಂದು ಫೌಲ್," ಎಂದು ಹೊಡೆದುಹಾಕುತ್ತಿದ್ದಳು. ಗಣಿತದಲ್ಲಿ ಮಾತ್ರ ಪಾಡು ಕಷ್ಟವಿತ್ತು, ಅದಕ್ಕೆ ರಿ ಕಾರಣವಲ್ಲ. ಪರೀಕ್ಷೆಯ ಹಿಂದಿನ ದಿನದವರೆಗೂ ಶ್ರೇಢಿಯನ್ನು ಅರೆದು ಕುಡಿಸಿದೆ.

ಪರೀಕ್ಷೆಗಳಾದವು. ಮುಂದಿನ ವಾರವೆಲ್ಲ ಒಂದೊಂದೇ ಪತ್ರಿಕೆ ಕೈಗೆ ಬರತೊಡಗಿತು. ಕನ್ನಡ ಪಾಸ್. ಇಂಗ್ಲಿಷ್ ಪಾಸ್. ಹಿಂದಿ, ವಿಜ್ಞಾನ ಪಾಸ್. ಗಣಿತ ಕೂದಲೆಳೆಯಲ್ಲಿ ಪಾಸ್! ಪ್ರತಿ ಸಲವೂ ಅವಳು ಶಾಲೆಯಿಂದ ನೇರವಾಗಿ ನಮ್ಮ ಮನೆಗೆ ಓಡಿ ಬಂದು ಗೇಟಿನಿಂದಲೇ ಕೂಗಿ ಹೇಳುತ್ತಿದ್ದಳು. ಸಮಾಜ ವಿಜ್ಞಾನ ಒಂದೇ ಉಳಿದಿತ್ತು. ಖಾಲಿ ಹಾಳೆ ಕೊಟ್ಟ ವಿಷಯ. ರಜೆಯ ಹಿಂದಿನ ದಿನ ಕೊಡುತ್ತಾರೆ, ಅವತ್ತೇ ತಂಡದ ಪಟ್ಟಿಯೂ ಹೋಗುತ್ತದೆ ಎಂದಿದ್ದಳು.

ಅವತ್ತು ಮಧ್ಯಾಹ್ನ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹಾಲು ಉಕ್ಕಿಸಿದೆ. ಗೇಟಿಗೆ ನಾಲ್ಕು ಸಲ ಹೋಗಿ ಬಂದೆ. ಐದನೆಯ ಸಲ ಹೋದಾಗ ಅವಳು ಓಣಿಯ ತಿರುವಿನಲ್ಲಿ ಕಂಡಳು. ಓಡುತ್ತಿದ್ದಳು, ಆದರೆ ಕೂಗಲಿಲ್ಲ. ಬಂದವಳು ಏದುಸಿರು ಬಿಡುತ್ತಾ ಪತ್ರಿಕೆ ಮುಂದೆ ಹಿಡಿದಳು. ಅಂಕ ಇರುವ ಮೂಲೆಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

"ಮೊದಲ ಓದ್ರಿ, ಆಮ್ಯಾಲ ತೋರಸ್ತೇನ್ರಿ."

ಕಟ್ಟೆಯ ಮೇಲೆ ಕೂತು ಓದಿದೆ. ತಿದ್ದಿದವರು ಬಿಗಿ ಮನುಷ್ಯರು. ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ, ಎಲ್ಲೆಲ್ಲೂ ಕೆಂಪು. ಆದರೆ ಮೂರು ಪುಟಗಳಲ್ಲಿ ಒಂದೇ ಒಂದು ರಿ ಇರಲಿಲ್ಲ. 'ರಾಜನು ಕೊಡಬೇಕಿತ್ತು.' 'ಪದ್ಧತಿಯನ್ನು ಜಾರಿಗೆ ತರಲಾಯಿತು.' ಓದುತ್ತಾ ಓದುತ್ತಾ ನನಗೆ ಮಾಳಿಗೆಯ ಮೇಲಿನ ಕಾಲಿನ ಸದ್ದು ಕೇಳುತ್ತಿತ್ತು. ನಾಲ್ಕನೆಯ ಪುಟದ ಕೊನೆಗೆ ಬಂದೆ. ಕೊನೆಯ ಉತ್ತರ ಮುಗಿದ ಮೇಲೆ, ಒಂದು ಸಾಲು ಬಿಟ್ಟು, ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ಮುಗೀತ್ರಿ.'

ನನ್ನ ಕೈ ತಾನಾಗಿ ಪೆನ್ನಿಗಾಗಿ ತಡಕಾಡಿತು. ಆಗ ನೋಡಿದೆ. ಅಲ್ಪವಿರಾಮ ಬಿಡದ ಆ ಮನುಷ್ಯರು ಇದನ್ನು ತಿದ್ದಿರಲಿಲ್ಲ. ಪಕ್ಕದಲ್ಲಿ ಒಂದು ಕೆಂಪು ಟಿಕ್ ಹಾಕಿದ್ದರು.

"ಇದ್ಯಾಕ ಬರದಿ?" ಎಂದೆ.

"ಆಟ ಮುಗಿದಿತ್ತಲ್ರಿ," ಎಂದಳು. "ಮುಗಿದ ಮ್ಯಾಲ ಮಾತಾಡಸಬಹುದಲ್ರಿ." ಆಮೇಲೆ ಅಂಗೈ ತೆಗೆದಳು.

ಪಾಸ್! ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅವಳನ್ನು ತಬ್ಬಿಕೊಂಡೆ, ಕಣ್ಣು ಒರೆಸಿಕೊಂಡೆ, ಉಕ್ಕಿ ಉಳಿದ ಹಾಲಿನಲ್ಲಿ ಚಹಾ ಮಾಡುತ್ತೇನೆ ಕೂರು ಎಂದೆ. ಕೂರಲಿಲ್ಲ. ಪಟ್ಟಿ ಬರೆಯುತ್ತಿದ್ದಾರೆ, ಪತ್ರಿಕೆ ತೋರಿಸಬೇಕು, ಪಿ.ಟಿ. ಟೀಚರ್ ಕಾಯುತ್ತಿದ್ದಾರೆ. ಆಗಲೇ ಗೇಟು ದಾಟಿಯಾಗಿತ್ತು.

"ಹೋಗಿ ಬರ್ತೇನ್ರಿ ಅಕ್ಕಾರ!"

"ಹೋಗಿ ಬರ್ರಿ," ಎಂದೆ.

ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗಿದಳು. "ನನಗ್ಯಾಕ್ರಿ ರಿ? ನಾ ಸಣ್ಣಾಕಿ ಅದೇನ್ರಿ."

"ನಿನ್ನ ಮೂವತ್ತೊಂದು ರಿ ನನ್ನ ಹತ್ರ ಉಳದಾವವಾ," ಎಂದೆ. "ಒಂದೊಂದ ತಿರುಗಿ ಕೊಡ್ತೇನಿ."